ಹಾಮಿದ್ ಎಂಬ ಹುಳಿ, ಅದರ ಬಳಗ

ಕಳೆದ ತಿಂಗಳ ಸಂಚಿಕೆಯಲ್ಲಿ ಪುನರ್ಪುಳಿಯ ಬಗ್ಗೆ ಉತ್ತರ ಬರೆಯುವಾಗ, ಅರಬ್ಬಿಯಲ್ಲಿ ಹುಳಿಯಾದುದಕ್ಕೆ ‘ಹಾಮಿದ್’ ಎನ್ನುತ್ತಾರೆ, ಆ ಮಾತಿಗೆ ಹೀಬ್ರೂ ಮತ್ತು ಅರಾಮಿಕ್ ಭಾಷೆಗಳಲ್ಲಿ ಒಡಹುಟ್ಟಿದವರಿದ್ದಾರೆ ಎಂದು ಒಂದು ಸಾಲು ಸೇರಿಸಿದ್ದೆ. ಆ ಸಾಲನ್ನು ಹಿಡಿದು ಮಂಗಳೂರು, ಉಡುಪಿ ಕಡೆಯಿಂದ ಹಲವು ಪತ್ರಗಳು ಬಂದಿವೆ. ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ಬಹಳ ವರ್ಷ ಕೊಲ್ಲಿಯ ಒಂದು ಫೋಟೋ ಸ್ಟುಡಿಯೋದಲ್ಲಿ ದುಡಿದು ಊರಿಗೆ ಮರಳಿದವನು. ಅಲ್ಲಿ ಹುಳಿ ಮೊಸರಿಗೆ ‘ಹಾಮಿದ್’ ಎನ್ನುತ್ತಿದ್ದರು, ಫಿಲ್ಮ್ ತೊಳೆಯುವ ಕೆಲಸಕ್ಕೆ ‘ತಹ್ಮೀದ್’ ಎನ್ನುತ್ತಿದ್ದರು. ನಮ್ಮ ನೆರೆಮನೆಯವರ ಹೆಸರೂ ಹಾಮಿದ್. ಇವೆಲ್ಲ ಒಂದೇ ಮಾತೇ? (ಓದುಗರು, ಬಂದರು, ಮಂಗಳೂರು)

ಉತ್ತರ: ನಿಮ್ಮ ನೆರೆಯವರ ಹೆಸರಿಗೂ ಹುಳಿಗೂ ಸಂಬಂಧವಿಲ್ಲ. ಕನ್ನಡ ಲಿಪಿಯಲ್ಲಿ ಎರಡನ್ನೂ ಒಂದೇ ರೀತಿ ಬರೆಯಬೇಕಾಗಿರುವುದರಿಂದ ಸಂಬಂಧವಿರುವಂತೆ ತೋರುತ್ತದೆ. ಅರಬ್ಬಿಯ ಬಹುಪಾಲು ಪದಗಳು ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟುತ್ತವೆ. ಸ್ವರಗಳೂ ಪ್ರತ್ಯಯಗಳೂ ಆ ಮೂರರ ನಡುವೆ ಬದಲಾಗುತ್ತ ಹೊಸ ಹೊಸ ಅರ್ಥಗಳನ್ನು ಕೊಡುತ್ತವೆ. ಹೆಸರಿನಲ್ಲಿರುವ ಕೊನೆಯ ವ್ಯಂಜನ ‘ದಾಲ್’, ಅಂದರೆ ನಮ್ಮ ದಕಾರದಂಥದ್ದು. ಆ ಧಾತುವಿಗೆ ಹೊಗಳಿಕೆ ಎಂಬ ಅರ್ಥ. ಹಾಮಿದ್ ಎಂದರೆ ಸ್ತುತಿಸುವವನು. ಅಹ್ಮದ್, ಮಹಮೂದ್, ಮುಹಮ್ಮದ್ ಎಂಬ ಹೆಸರುಗಳೂ ಅದೇ ಧಾತುವಿನವು. ಹುಳಿಯ ಮಾತಿನ ಕೊನೆಯಲ್ಲಿರುವುದು ‘ದಾದ್’ ಎಂಬ ಬೇರೆಯೇ ಅಕ್ಷರ, ನಾಲಿಗೆಯ ಹಿಂಭಾಗವನ್ನು ಎತ್ತಿ ಭಾರವಾಗಿ ಉಚ್ಚರಿಸುವ ದನಿ. ತಹ್ಮೀದ್ ಎಂಬುದರಲ್ಲಿಯೂ ಇದೇ ಜೋಡಿಯಿದೆ: ದಾಲ್ ಇದ್ದರೆ ದೇವರ ಸ್ತುತಿ, ದಾದ್ ಇದ್ದರೆ ಫಿಲ್ಮ್ ತೊಳೆಯುವ ಕೆಲಸ. ಎರಡನೆಯದರ ಅಕ್ಷರಶಃ ಅರ್ಥ ‘ಹುಳಿಗೊಳಿಸುವುದು’, ‘ಆಮ್ಲಕ್ಕೆ ಒಡ್ಡುವುದು’. ಆದ್ದರಿಂದ ನೀವು ಕೇಳಿದ ಮೊಸರಿನ ಹಾಮಿದ್ ಮತ್ತು ಸ್ಟುಡಿಯೋದ ತಹ್ಮೀದ್ ಮಾತ್ರ ಒಂದೇ ಬೇರಿನವು.

ಈ ದಾದ್ ಅಕ್ಷರದ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಮುಂದಿನ ಉತ್ತರಗಳಲ್ಲಿ ಹೆಚ್ಚಿನವು ಅದನ್ನೇ ಆಧರಿಸಿವೆ. ಅರಬರು ತಮ್ಮ ಭಾಷೆಯನ್ನು ‘ದಾದ್ ಅಕ್ಷರದ ಭಾಷೆ’ ಎಂದೇ ಹೆಮ್ಮೆಯಿಂದ ಕರೆದುಕೊಳ್ಳುತ್ತಾರೆ. ಆ ಒಂದು ಅಕ್ಷರ ಬೇರೆ ಬೇರೆ ಊರುಗಳ ಬಾಯಲ್ಲಿ ಎಷ್ಟು ರೂಪ ತಾಳಿದೆ ಎಂಬುದನ್ನು ತಿಳಿಯಲು ನಾವು ಮಂಗಳೂರನ್ನು ಬಿಟ್ಟು ಹೋಗಬೇಕಾಗಿಲ್ಲ. ಉಪವಾಸದ ತಿಂಗಳಿಗೆ ಕನ್ನಡ ಪತ್ರಿಕೆಗಳು ‘ರಂಜಾನ್’ ಎಂದು ಬರೆಯುತ್ತವೆ. ಬ್ಯಾರಿ ಹಿರಿಯರು ‘ರಮಳಾನ್’ ಎನ್ನುತ್ತಾರೆ. ಕೊಲ್ಲಿಯಿಂದ ಮರಳಿದ ತರುಣರು ‘ರಮದಾನ್’ ಎನ್ನುತ್ತಾರೆ. ಮೂರರಲ್ಲಿಯೂ ಇರುವುದು ಅದೇ ದಾದ್. ಮೊದಲನೆಯದು ಪಾರಸಿ ಮತ್ತು ಉರ್ದುವಿನ ದಾರಿಯಾಗಿ ಬಂದದ್ದು. ಪಾರಸಿಯವರ ಬಾಯಲ್ಲಿ ದಾದ್ ಎಂಬುದು ಜಕಾರಕ್ಕೆ ಹತ್ತಿರದ ದನಿಯಾಗುತ್ತದೆ, ಕನ್ನಡಕ್ಕೆ ಬರುವಾಗ ಅಚ್ಚ ಜಕಾರವೇ ಆಗುತ್ತದೆ. ನಾವು ದಿನವೂ ಆಡುವ ಅರ್ಜಿ, ಹಾಜರಿ, ರಾಜಿ, ಮರ್ಜಿ, ಖಾಜಿ ಎಂಬ ಮಾತುಗಳ ಜಕಾರಗಳೆಲ್ಲ ಮೂಲದಲ್ಲಿ ದಾದ್ ಆಗಿದ್ದವು. ತಾಲೂಕು ಕಚೇರಿಗೆ ಅರ್ಜಿ ಕೊಡುವ ರೈತನೂ ಶಾಲೆಯಲ್ಲಿ ಹಾಜರಿ ಹೇಳುವ ಮಗುವೂ ತಮಗೆ ತಿಳಿಯದೆಯೇ ಆ ಅಕ್ಷರವನ್ನು ಉಚ್ಚರಿಸುತ್ತಿದ್ದಾರೆ.

ಎರಡನೆಯ ರೂಪ, ಅಂದರೆ ‘ರಮಳಾನ್’, ಮಲಬಾರಿನ ಮದ್ರಸಗಳ ಪರಂಪರೆಯದು. ಮಲಯಾಳಂನಲ್ಲಿಯೂ ಹಾಗೆಯೇ ಬರೆಯುತ್ತಾರೆ. ಈ ಳಕಾರವನ್ನು ತಪ್ಪು ಉಚ್ಚಾರವೆಂದು ಆಕ್ಷೇಪಿಸುವವರಿದ್ದಾರೆ, ನನಗೆ ಅದು ಸರಿಯೆನಿಸುವುದಿಲ್ಲ. 8ನೇ ಶತಮಾನದ ವ್ಯಾಕರಣಕಾರ ಸೀಬವೈಹಿ ದಾದ್ ದನಿಯನ್ನು ವರ್ಣಿಸುವಾಗ, ಅದು ನಾಲಿಗೆಯ ಪಕ್ಕ ಮತ್ತು ಅದರ ಬದಿಯ ದವಡೆಹಲ್ಲುಗಳ ನಡುವಿನಿಂದ ಹೊರಡುತ್ತದೆ ಎಂದು ಹೇಳಿದ್ದಾನೆ. ನಾಲಿಗೆಯ ಪಕ್ಕದಿಂದ ಉಸಿರು ಹೊರಡುವ ದನಿಗಳೆಂದರೆ ಲಕಾರ, ಳಕಾರಗಳ ಜಾತಿಯವು. ಅರಬರು ಸ್ಪೇನಿನಲ್ಲಿ ಆಳಿದ ಕಾಲದಲ್ಲಿ ‘ಅಲ್ ಖಾದೀ’ ಎಂಬ ಮಾತನ್ನು ಅಲ್ಲಿನ ಜನ ‘ಅಲ್ಕಾಲ್ದೆ’ ಎಂದು ಎತ್ತಿಕೊಂಡರು. ಇಂದಿಗೂ ಸ್ಪೇನಿನಲ್ಲಿ ಪಟ್ಟಣದ ಮೇಯರಿಗೆ ಅದೇ ಹೆಸರು. ದಾದ್ ಇದ್ದ ಜಾಗದಲ್ಲಿ ಅವರ ಕಿವಿಗೆ ಲಕಾರವೂ ದಕಾರವೂ ಜೊತೆಯಾಗಿ ಕೇಳಿದ್ದವು. ಹೀಗೆ ನೋಡಿದರೆ, ನಮ್ಮ ಕರಾವಳಿಯ ಳಕಾರ ಆ ಹಳೆಯ ಉಚ್ಚಾರಕ್ಕೆ ಇಂದಿನ ಕೊಲ್ಲಿಯ ದಕಾರಕ್ಕಿಂತ ಹತ್ತಿರವಾಗಿದೆ.

ಪ್ರಶ್ನೆ: ಅರಬ್ಬಿ ನಿಘಂಟಿನಲ್ಲಿ ‘ಹಮ್ದ್’ ಎಂಬ ಮಾತಿಗೆ ಆಮ್ಲ ಎಂಬ ಅರ್ಥದ ಜೊತೆಗೆ ಒಂಟೆ ಮೇಯುವ ಗಿಡ ಎಂಬ ಅರ್ಥವೂ ಇದೆ. ಹುಳಿಗೂ ಒಂಟೆಗೂ ಏನು ಸಂಬಂಧ? (ಓದುಗರು, ಕಾಪು)

ಉತ್ತರ: ಈ ಪ್ರಶ್ನೆ ಬಂದದ್ದು ನನಗೆ ಬಹಳ ಸಂತೋಷ ಕೊಟ್ಟಿತು, ಏಕೆಂದರೆ ಈ ಧಾತುವಿನ ಜೀವ ಇರುವುದೇ ಅಲ್ಲಿ. ಇಂದಿನ ಅರಬ್ಬಿಯಲ್ಲಿ ಇದರ ಬಳಕೆಗಳು ನೇರವಾಗಿವೆ: ‘ಹುಮೂದ’ ಎಂದರೆ ಹುಳಿತನ, ಹೊಟ್ಟೆಯ ಆಮ್ಲೀಯತೆಗೂ ಅದೇ ಮಾತು, ‘ಹಮ್ದಿಯ್ಯಾತ್’ ಎಂದರೆ ಕಿತ್ತಳೆ, ನಿಂಬೆ, ಮೂಸಂಬಿಗಳ ಬಳಗ, ‘ಹುಮ್ಮಾದ್’ ಎಂದರೆ ನಮ್ಮ ಚುಕ್ಕೆ ಸೊಪ್ಪಿನ ಜಾತಿಯ ಹುಳಿಸೊಪ್ಪು. ಲೆಬನಾನಿನಲ್ಲಿ ‘ಹಾಮೊದ್’ ಎಂದರೆ ಸಾಕು, ನಿಂಬೆಹಣ್ಣು ಎಂದೇ ಅರ್ಥ, ಮೊರಾಕೋದಲ್ಲಿಯೂ ಹಾಗೆಯೇ. ತುಳುವಿನಲ್ಲಿ ‘ಪುಳಿ’ ಎಂದರೆ ಹುಳಿ ರುಚಿಯೂ ಹೌದು, ಹುಣಸೆಹಣ್ಣೂ ಹೌದು. ಯಾವ ಊರಿನಲ್ಲಿ ಅಡಿಗೆಗೆ ಯಾವ ಹುಳಿ ಮುಖ್ಯವೋ ಆ ಹಣ್ಣಿಗೆ ರುಚಿಯ ಹೆಸರೇ ಹೆಸರಾಗಿ ನಿಲ್ಲುವುದು ಸಹಜ.

ಒಂಟೆಯ ವಿಷಯ ಇದಕ್ಕಿಂತ ಹಳೆಯದು. ಮರುಭೂಮಿಯ ಅರಬರು ಮೇವಿನ ಗಿಡಗಳನ್ನು ಎರಡಾಗಿ ವಿಂಗಡಿಸುತ್ತಿದ್ದರು. ಸಿಹಿಯಾದ, ಸಪ್ಪೆಯಾದ ಮೇವು ‘ಖುಲ್ಲ’. ಉಪ್ಪುನೆಲದಲ್ಲಿ ಬೆಳೆಯುವ, ಉಪ್ಪು ಮತ್ತು ಹುಳಿ ಬೆರೆತ ರುಚಿಯ ಗಿಡಗಳು ‘ಹಮ್ದ್’. ಒಂಟೆಗಳು ಬಹಳ ದಿನ ಖುಲ್ಲವನ್ನೇ ಮೇದರೆ ಅವುಗಳಿಗೆ ಬೇಸರ ಬಂದು ಹಮ್ದ್ ಗಿಡಗಳನ್ನು ಹುಡುಕಿಕೊಂಡು ಹೋಗುತ್ತವೆ, ಅದನ್ನು ತಿಂದ ಮೇಲೆ ಮತ್ತೆ ಮೇವಿನ ಮೇಲೆ ಆಸೆ ಹುಟ್ಟುತ್ತದೆ. ‘ಖುಲ್ಲ ಒಂಟೆಯ ರೊಟ್ಟಿ, ಹಮ್ದ್ ಅದರ ಹಣ್ಣು’ ಎಂಬ ಅರಬ್ಬಿ ಗಾದೆಯನ್ನು ಹಳೆಯ ನಿಘಂಟುಗಳು ದಾಖಲಿಸಿವೆ.

ಆ ಮೇವಿನ ಮಾತು ಮನುಷ್ಯರ ಮಾತುಕತೆಗೂ ಬಂತು. ಪ್ರವಾದಿಯವರ ದಾಯಾದಿ ಸಹೋದರರಾದ ಇಬ್ನ್ ಅಬ್ಬಾಸ್ ಅವರು ಕುರಾನ್ ಮತ್ತು ಹದೀಸುಗಳ, ಅಂದರೆ ಪ್ರವಾದಿಯವರ ನಡೆನುಡಿಗಳ ವರದಿಗಳ, ಪಾಠ ದೀರ್ಘವಾಗಿ ನಡೆದು ಕೂತವರು ದಣಿದಾಗ ‘ಅಹ್ಮಿದೂ’ ಎನ್ನುತ್ತಿದ್ದರಂತೆ, ಅಂದರೆ ‘ಇನ್ನು ಹಮ್ದ್ ಮೇಯಿರಿ’ ಎಂದು. ಆಗ ಕವಿತೆಗಳೂ ಹಳೆಯ ಕಥೆಗಳೂ ಶುರುವಾಗುತ್ತಿದ್ದವು. ಗಂಭೀರ ವಿಷಯದಿಂದ ಹಗುರವಾದದ್ದಕ್ಕೆ ತಿರುಗುವುದಕ್ಕೆ ಅರಬ್ಬಿಯಲ್ಲಿ ‘ಇಹ್ಮಾದ್’ ಎಂಬ ಹೆಸರು ನಿಂತದ್ದು ಹೀಗೆ. ನಮ್ಮಲ್ಲಿ ಹುಳಿ ಎಂದ ಕೂಡಲೇ ‘ಹುಳಿ ಹಿಂಡುವುದು’ ನೆನಪಾಗುತ್ತದೆ, ಒಳ್ಳೆಯದನ್ನು ಕೆಡಿಸುವ ಕೆಲಸ. ಆದರೆ ಬಾಳೆಲೆಯ ಮೂಲೆಗೆ ಉಪ್ಪಿನಕಾಯಿ ಬಡಿಸುವ, ಬಸುರಿಯ ಬಯಕೆಗೆ ಮಾವಿನ ಮಿಡಿ ತಂದುಕೊಡುವ ಊರಿನವರಿಗೆ, ಬತ್ತಿದ ರುಚಿಯನ್ನು ಹುಳಿಯೇ ಮರಳಿ ತರುತ್ತದೆ ಎಂಬ ಅರಬರ ಅನುಭವವನ್ನು ವಿವರಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ಬೈಬಲಿನ ವಿಮೋಚನಕಾಂಡದಲ್ಲಿ ‘ಹುಳಿಯಿಲ್ಲದ ರೊಟ್ಟಿ’ಯ ಹಬ್ಬದ ವಿವರ ಬರುತ್ತದೆ. ಅಲ್ಲಿ ಹುಳಿಹಿಟ್ಟಿಗೆ ಹೀಬ್ರೂವಿನಲ್ಲಿ ‘ಹಾಮೇಸ್’ ಎಂಬ ಮಾತಿದೆಯೆಂದು ಒಂದು ವ್ಯಾಖ್ಯಾನದಲ್ಲಿ ಓದಿದೆ. ಹಾಮೇಸ್ ಮತ್ತು ಹಾಮಿದ್ ಒಂದೇ ಎಂದು ನೀವು ಹೇಳುವುದಕ್ಕೆ ಆಧಾರವೇನು? ಸಕಾರವೆಲ್ಲಿ, ದಕಾರವೆಲ್ಲಿ? (ನಿವೃತ್ತ ಅಧ್ಯಾಪಕರು, ಉಡುಪಿ)

ಉತ್ತರ: ಎರಡು ಮಾತುಗಳು ಒಂದೇ ರೀತಿ ಕೇಳಿಸುತ್ತವೆ ಎಂಬುದು ನೆಂಟಸ್ತನಕ್ಕೆ ಆಧಾರವಾಗುವುದಿಲ್ಲ, ಅವು ಒಂದು ಕ್ರಮದಲ್ಲಿ ಬೇರೆಯಾಗಿವೆ ಎಂಬುದು ಆಧಾರವಾಗುತ್ತದೆ. ಈ ಮಾತನ್ನು ತುಳುವರ ನಾಡಿನಲ್ಲಿ ವಿವರಿಸುವುದು ಸುಲಭ. ತುಳುವಿನ ಪೂ, ಪೊಸ, ಪುಳಿ ಎಂಬ ಮಾತುಗಳಿಗೆ ಕನ್ನಡದಲ್ಲಿ ಹೂ, ಹೊಸ, ಹುಳಿ ಎಂಬವು ಎದುರಾಗಿ ನಿಲ್ಲುತ್ತವೆ. ಎಲ್ಲೋ ಒಂದು ಕಡೆ ಪಕಾರಕ್ಕೆ ಹಕಾರ ಬಂದಿದ್ದರೆ ಅದನ್ನು ಆಕಸ್ಮಿಕ ಎನ್ನಬಹುದಿತ್ತು. ಸಾಲು ಸಾಲಾಗಿ ಬಂದಿರುವುದರಿಂದ ಅದು ನಿಯಮ. ಹಳಗನ್ನಡದಲ್ಲಿ ಪೂ, ಪೊಸ, ಪುಳಿ ಎಂದೇ ಇದ್ದುದು ಆ ನಿಯಮಕ್ಕೆ ಸಾಕ್ಷಿ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಗುಂಡರ್ಟರ ಮಲಯಾಳಂ ನಿಘಂಟು (1872), ಮ್ಯಾನರರ ತುಳು ನಿಘಂಟು (1886), ಕಿಟ್ಟೆಲ್ಲರ ಕನ್ನಡ ನಿಘಂಟು (1894), ಈ ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಬಿಡಿಸಿಟ್ಟುಕೊಂಡು ಹುಳಿಯನ್ನು ಹುಡುಕಿದರೆ ಒಂದು ಮಧ್ಯಾಹ್ನದಲ್ಲಿ ಯಾರಿಗೂ ಇದು ಮನದಟ್ಟಾಗುತ್ತದೆ.

ಅರಬ್ಬಿ, ಹೀಬ್ರೂ, ಅರಾಮಿಕ್ ಮತ್ತು ಇರಾಕಿನ ಮಣ್ಣಿನ ಹಲಗೆಗಳಲ್ಲಿ ಉಳಿದಿರುವ ಅಕ್ಕಾಡಿಯನ್, ಇವು ಸೆಮಿಟಿಕ್ ಎಂಬ ಒಂದೇ ಕುಟುಂಬದ ಭಾಷೆಗಳು. ಅವುಗಳ ತಾಯಿನುಡಿಯಲ್ಲಿದ್ದ ಒಂದು ದನಿ ಅರಬ್ಬಿಯಲ್ಲಿ ದಾದ್ ಆಗಿ ಉಳಿಯಿತು, ಹೀಬ್ರೂ ಮತ್ತು ಅಕ್ಕಾಡಿಯನ್ ಭಾಷೆಗಳಲ್ಲಿ ಭಾರವಾದ ಸಕಾರವಾಯಿತು, ಅರಾಮಿಕ್‌ನಲ್ಲಿ ಗಂಟಲಾಳದಿಂದ ಹೊರಡುವ ‘ಐನ್’ ಎಂಬ ವ್ಯಂಜನವಾಯಿತು. ಕನ್ನಡದಲ್ಲಿ ಐನ್ ದನಿಗೆ ಅಕ್ಷರವಿಲ್ಲ, ಅಕಾರದಿಂದಲೇ ಸೂಚಿಸುತ್ತೇನೆ. ಭೂಮಿಗೆ ಅರಬ್ಬಿಯಲ್ಲಿ ‘ಅರ್ದ್’, ಹೀಬ್ರೂವಿನಲ್ಲಿ ‘ಎರೆಸ್’, ಅಕ್ಕಾಡಿಯನ್‌ನಲ್ಲಿ ‘ಎರ್ಸೆತು’, ಅರಾಮಿಕ್‌ನಲ್ಲಿ ‘ಅರ್‌ಅ’. ಮೊಟ್ಟೆಗೆ ಅರಬ್ಬಿಯಲ್ಲಿ ‘ಬೈದ’, ಹೀಬ್ರೂವಿನಲ್ಲಿ ‘ಬೇಸ’, ಅರಾಮಿಕ್‌ನಲ್ಲಿ ಮತ್ತೆ ಐನ್. ಕುರಿಗೆ ಅರಬ್ಬಿಯಲ್ಲಿ ‘ದಅನ್’, ಹೀಬ್ರೂವಿನಲ್ಲಿ ‘ಸೋನ್’, ಅಕ್ಕಾಡಿಯನ್‌ನಲ್ಲಿ ‘ಸೇನು’, ಅರಾಮಿಕ್‌ನಲ್ಲಿ ‘ಆನ’, ಇಲ್ಲಿಯೂ ಮೊದಲ ಅಕ್ಷರ ಐನ್. ಈ ಸಾಲಿನಲ್ಲಿ ಹುಳಿ ತಾನಾಗಿ ಬಂದು ಕೂರುತ್ತದೆ: ಅರಬ್ಬಿಯ ‘ಹಾಮಿದ್’, ಹೀಬ್ರೂವಿನ ‘ಹಾಮೇಸ್’, ಅಕ್ಕಾಡಿಯನ್ನಿನ ‘ಎಮ್ಸು’, ಅರಾಮಿಕ್‌ನ ‘ಹಮೀಅ’. ಅಕ್ಕಾಡಿಯನ್ನಿನಲ್ಲಿ ಮೊದಲಿನ ಹಕಾರವೇ ಕಾಣುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಆ ಭಾಷೆ ಗಂಟಲಿನ ದನಿಗಳನ್ನು ಕಳೆದುಕೊಂಡಿತು, ಕಳೆದುಕೊಳ್ಳುವಾಗ ಪಕ್ಕದ ಅಕಾರವನ್ನು ಎಕಾರ ಮಾಡಿತು. ಒಡೆಯ ಎಂಬ ಅರ್ಥದ ‘ಬಅಲ್’ ಅಲ್ಲಿ ‘ಬೇಲು’ ಆದದ್ದೂ ಇದೇ ರೀತಿ.

ಅರಾಮಿಕ್‌ನ ಈ ದನಿ ಒಮ್ಮೆಗೇ ಐನ್ ಆಗಲಿಲ್ಲ. ಇನ್ನೂ ಹಳೆಯ ಬರಹಗಳಲ್ಲಿ ಅದನ್ನು ಕಕಾರದಂಥ ‘ಕೋಫ್’ ಅಕ್ಷರದಿಂದ ಬರೆಯುತ್ತಿದ್ದರು. ಬೈಬಲಿನ ಯೆರೆಮೀಯನ ಗ್ರಂಥದಲ್ಲಿ ಅರಾಮಿಕ್ ಭಾಷೆಯಲ್ಲಿರುವುದು 10ನೇ ಅಧ್ಯಾಯದ 11ನೇ ವಚನ ಒಂದೇ. ಆ ಒಂದು ವಚನದಲ್ಲಿಯೇ ಭೂಮಿ ಎಂಬ ಮಾತು ಒಮ್ಮೆ ‘ಅರ್ಕ’ ಎಂದೂ ಇನ್ನೊಮ್ಮೆ ‘ಅರ್‌ಅ’ ಎಂದೂ ಬಂದಿದೆ. ಹಳತು ಹೊಸತು ಎರಡೂ ಒಂದೇ ಉಸಿರಿನಲ್ಲಿ ಇರುವ ಇಂಥ ಸಾಕ್ಷಿ ಭಾಷೆಯ ಚರಿತ್ರೆಯಲ್ಲಿ ಅಪರೂಪ.

ಇನ್ನು ಅರ್ಥದ ಕಡೆಗೆ ಬರೋಣ. ಹುಳಿಯಿಂದ ಹುದುಗಿಗೆ ಅರ್ಥ ದಾಟುವುದನ್ನು ಉಡುಪಿಯವರಿಗೆ ಹೇಳಿಕೊಡಬೇಕಾಗಿಲ್ಲ. ರುಬ್ಬಿಟ್ಟ ದೋಸೆಹಿಟ್ಟು ಬೆಳಿಗ್ಗೆ ಉಬ್ಬಿದ್ದರೆ ‘ಹಿಟ್ಟು ಹುಳಿ ಬಂದಿದೆ’ ಎನ್ನುತ್ತೇವೆ. ಹೀಬ್ರೂವಿನಲ್ಲಿ ‘ಹಾಮೇಸ್’ ಎಂದರೆ ಹೀಗೆ ಹುಳಿ ಬಂದ ಹಿಟ್ಟು ಮತ್ತು ಅದರಿಂದಾದ ತಿನಿಸು. ‘ಹೋಮೆಸ್’ ಎಂದರೆ ಹುಳಿತ ದ್ರಾಕ್ಷಾರಸ, ಅಂದರೆ ವಿನೆಗರ್. ಬೈಬಲಿನ ರೂತಳ ಕಥೆಯಲ್ಲಿ ಹೊಲದ ಒಡೆಯ ಬೋವಜನು ಅವಳಿಗೆ ‘ನಿನ್ನ ರೊಟ್ಟಿಯ ತುತ್ತನ್ನು ಇದರಲ್ಲಿ ಅದ್ದಿಕೋ’ ಎಂದು ಮುಂದಿಡುವುದು ಇದೇ ಹೋಮೆಸ್. ಸೋಮಾರಿಯನ್ನು ಕೆಲಸಕ್ಕೆ ಕಳುಹಿಸುವುದು ಹಲ್ಲಿಗೆ ಹುಳಿಯಿದ್ದಂತೆ, ಕಣ್ಣಿಗೆ ಹೊಗೆಯಿದ್ದಂತೆ ಎಂಬ ಅರ್ಥದ ಜ್ಞಾನೋಕ್ತಿಯಲ್ಲಿಯೂ (10:26) ಅದೇ ಇದೆ. 73ನೇ ಕೀರ್ತನೆಯಲ್ಲಿ ಭಕ್ತನು ದುಷ್ಟರ ಏಳಿಗೆಯನ್ನು ಕಂಡು ನೊಂದು ‘ನನ್ನ ಹೃದಯ ಹುಳಿಯಿತು’ ಎನ್ನುತ್ತಾನೆ. ಕ್ರಿಯಾಪದ ಇದೇ ಧಾತುವಿನದು. ಯೆಶಾಯನು (63:1) ಬಣ್ಣದ ಬಟ್ಟೆ ತೊಟ್ಟು ಬರುವವನನ್ನು ವರ್ಣಿಸುವಾಗ ಬಳಸುವ ‘ಹಮೂಸ್’ ಎಂಬ ಮಾತನ್ನೂ ಬಹಳ ಮಂದಿ ಇದೇ ಧಾತುವಿಗೆ ಸೇರಿಸುತ್ತಾರೆ. ಅಲ್ಲಿ ಅದು ಕಣ್ಣಿಗೆ ಚುಚ್ಚುವಷ್ಟು ಕಡುಗೆಂಪು. ನಾಲಿಗೆಗೆ ತೀಕ್ಷ್ಣವಾದದ್ದರ ಹೆಸರು ಕಣ್ಣಿಗೂ ಒದಗಿದೆ.

ನೀವು ಹೇಳಿದ ಹುಳಿಯಿಲ್ಲದ ರೊಟ್ಟಿಯ ಹಬ್ಬದ, ಅಂದರೆ ಪಸ್ಕ ಹಬ್ಬದ, ನಿಯಮದಲ್ಲಿ ಈ ಅರ್ಥ ಎಷ್ಟು ನಿಖರವಾಗಿದೆ ಎಂಬುದನ್ನೂ ನೀವು ತಿಳಿದಿರಬೇಕು. ಗೋಧಿ, ಜವೆ ಮುಂತಾದ ಐದು ಧಾನ್ಯಗಳ ಹಿಟ್ಟಿಗೆ ನೀರು ತಾಗಿ, ನಾದದೆ 18 ನಿಮಿಷ ಬಿಟ್ಟರೆ ಅದು ಹಾಮೇಸ್ ಆಯಿತೆಂದು ಯೆಹೂದ್ಯ ಶಾಸ್ತ್ರ ಎಣಿಸುತ್ತದೆ. ಅಕ್ಕಿಯ ಹಿಟ್ಟು ಉಬ್ಬಿದರೂ ಅದು ಹುಳಿಯುವುದಲ್ಲ, ಕೆಡುವುದು ಮಾತ್ರ ಎಂದು ಯೆಹೂದ್ಯರ ಧರ್ಮಶಾಸ್ತ್ರವಾದ ತಾಲ್ಮುದ್ ಗ್ರಂಥ ಹೇಳುತ್ತದೆ. ನಮ್ಮ ದೋಸೆಹಿಟ್ಟು ಆ ಲೆಕ್ಕದಲ್ಲಿ ಹಾಮೇಸ್ ಆಗುವುದಿಲ್ಲ ಎಂಬುದನ್ನು ಓದಿದಾಗ ನಾನು ಅಚ್ಚರಿಪಟ್ಟಿದ್ದೆ. ಹಬ್ಬಕ್ಕೆ ಮುನ್ನ ಮನೆಯ ಮೂಲೆಮೂಲೆಯನ್ನು ಹುಡುಕಿ ಹುಳಿಹಿಟ್ಟನ್ನು ತೆಗೆದ ಮೇಲೆ, ಕಣ್ಣಿಗೆ ಬೀಳದೆ ಉಳಿದದ್ದನ್ನು ಬಿಟ್ಟುಕೊಡಲು ಒಂದು ಅರಾಮಿಕ್ ವಾಕ್ಯವನ್ನು ಹೇಳುತ್ತಾರೆ. ‘ಕೋಲ್ ಹಮೀರ ವಹಮೀಅ’ ಎಂದು ಅದು ಆರಂಭವಾಗುತ್ತದೆ. ನನ್ನ ವಶದಲ್ಲಿರುವ ಎಲ್ಲ ಹುದುಗೂ ಎಲ್ಲ ಹುಳಿದದ್ದೂ ರದ್ದಾಗಲಿ, ‘ಅಫ್ರ ದ್‌ಅರ್‌ಅ’ ಆಗಲಿ, ಅಂದರೆ ನೆಲದ ಧೂಳಾಗಲಿ ಎಂದು ಮುಗಿಯುತ್ತದೆ. ಹಮೀಅ ಮತ್ತು ಅರ್‌ಅ, ಅರಬ್ಬಿಯಲ್ಲಿ ದಾದ್ ಇರುವ ಎರಡು ಮಾತುಗಳು, ಒಂದೇ ವಾಕ್ಯದಲ್ಲಿ ಎರಡು ಐನ್‌ಗಳಾಗಿ ನಿಂತಿವೆ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಚೆನ್ನಾದ ಉದಾಹರಣೆ ನನಗೆ ತಿಳಿದಿಲ್ಲ.

ಇಂದಿನ ಹೀಬ್ರೂವಿನಲ್ಲಿ ಈ ಸಕಾರವನ್ನು ‘ತ್ಸ’ ಎಂದು ಉಚ್ಚರಿಸುತ್ತಾರೆ: ಹುಳಿಗೆ ‘ಹಾಮುತ್ಸ್’, ಉಪ್ಪಿನಕಾಯಿಗಳಿಗೆ ‘ಹಮುತ್ಸೀಮ್’. ಕೈಗೆ ಬಂದ ಅವಕಾಶವನ್ನು ತಪ್ಪಿಸಿಕೊಂಡರೆ ಅದಕ್ಕೆ ‘ಹಹ್ಮಾತ್ಸ’, ಅಂದರೆ ‘ಹುಳಿಯಲು ಬಿಟ್ಟದ್ದು’ ಎಂಬ ಮಾತಿದೆ. ನಿನ್ನ ಕೈಗೆ ಬಂದ ಪುಣ್ಯಕಾರ್ಯವನ್ನು ಹಿಟ್ಟಿನಂತೆ ಹುಳಿಯಲು ಬಿಡಬೇಡ, ಕೂಡಲೇ ಮಾಡು ಎಂಬ ಹಳೆಯ ಗುರುಗಳ ಉಪದೇಶ ಅದರ ಹಿಂದೆ ಇದೆ. ಹುಳಿ ಬರಲೆಂದೇ ಹಿಟ್ಟನ್ನು ರಾತ್ರಿಯಿಡೀ ಕಾಯಿಸುವ ನಾವು ಅಂಥ ಮಾತನ್ನು ಕಟ್ಟುತ್ತಿರಲಿಲ್ಲ.

ಪ್ರಶ್ನೆ: ಮಂಗಳೂರಿನ ಅರಬ್ ಹೋಟೆಲುಗಳಲ್ಲಿ ಈಗ ಕಡಲೆಯಿಂದ ಮಾಡಿದ ‘ಹುಮ್ಮುಸ್’ ಸಿಗುತ್ತದೆ, ಅದಕ್ಕೆ ನಿಂಬೆರಸವನ್ನೂ ಹಾಕುತ್ತಾರೆ. ಅದೂ ಹುಳಿಯ ಧಾತುವಿನದೇ? (ಓದುಗರು, ಕಂಕನಾಡಿ)

ಉತ್ತರ: ಅಲ್ಲ. ಅರಬ್ಬಿಯ ಹುಮ್ಮುಸ್ ಎಂದರೆ ಕಡಲೆಕಾಳು, ಅದರ ಕೊನೆಯ ಅಕ್ಷರ ‘ಸಾದ್’ ಎಂಬ ಭಾರವಾದ ಸಕಾರ. ಹುಳಿಯ ಧಾತುವೇ ಆಗಿದ್ದರೆ ಅರಬ್ಬಿಯಲ್ಲಿ ದಾದ್ ಇರಬೇಕಿತ್ತು. ಹೀಬ್ರೂವಿನಲ್ಲಿ ಸಾದ್ ಮತ್ತು ದಾದ್ ಎರಡೂ ಒಂದೇ ಅಕ್ಷರದಲ್ಲಿ ಕೂಡಿಹೋಗಿರುವುದರಿಂದ ಅಲ್ಲಿ ಗೊಂದಲಕ್ಕೆ ಎಡೆಯಿದೆ. ಬೋವಜನು ರೂತಳಿಗೆ ಕೊಟ್ಟದ್ದು ವಿನೆಗರ್ ಅಲ್ಲ, ಕಡಲೆಯ ಹುಮ್ಮುಸ್ ಎಂದು ವಾದಿಸಿದವರೂ ಇದ್ದಾರೆ. ಹೀಬ್ರೂ ಒಂದನ್ನೇ ನೋಡಿ ಹೇಳುವ ಇಂಥ ವಾದವನ್ನು ನಾನು ಒಪ್ಪಲಾರೆ. ಪಕ್ಕದ ಭಾಷೆಯಲ್ಲಿ ಎರಡೂ ದನಿಗಳು ಬೇರೆಯಾಗಿ ಉಳಿದಿರುವಾಗ ಮೊದಲು ಅಲ್ಲಿ ನೋಡಬೇಕು.

ಪ್ರಶ್ನೆ: ಹುಣಸೆಗೆ ಇಂಗ್ಲಿಷಿನಲ್ಲಿ ಹೇಳುವ ‘ಟ್ಯಾಮರಿಂಡ್’ ಅರಬ್ಬಿಯದಂತೆ. ಅದರಲ್ಲಿ ಹುಳಿ ಇದೆಯೇ? (ಓದುಗರು, ಕುಂದಾಪುರ)

ಉತ್ತರ: ಹೆಸರಿನಲ್ಲಿ ಹುಳಿ ಇಲ್ಲ. ‘ತಮ್ರ್ ಹಿಂದೀ’ ಎಂದರೆ ‘ಹಿಂದೂಸ್ಥಾನದ ಖರ್ಜೂರ’. ಕಂದು ಬಣ್ಣದ ಅಂಟಂಟಾದ ತಿರುಳನ್ನು ಕಂಡು ಇಟ್ಟ ಹೆಸರು ಅದು.

ಪ್ರಶ್ನೆ: ಕನ್ನಡದಲ್ಲಿ ‘ಆಮ್ಲಜನಕ’ ಎನ್ನುವಂತೆಯೇ ಹೀಬ್ರೂವಿನಲ್ಲಿಯೂ ಆ ಅನಿಲಕ್ಕೆ ಹುಳಿಯ ಹೆಸರೇ ಇದೆಯೆಂದು ಕೇಳಿದೆ. ಆಮ್ಲಜನಕ ಹುಳಿಯಾಗಿರುವುದಿಲ್ಲವಲ್ಲ? (ವಿದ್ಯಾರ್ಥಿನಿ, ಮಣಿಪಾಲ)

ಉತ್ತರ: ಹೌದು, ಹೀಬ್ರೂವಿನಲ್ಲಿ ಅದಕ್ಕೆ ‘ಹಮ್ತ್ಸಾನ್’ ಎನ್ನುತ್ತಾರೆ, ಇದೇ ಹುಳಿಯ ಧಾತುವಿನಿಂದ. ಇದರ ಮೂಲದಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. 18ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಲವೋಸಿಯೇ ಎಲ್ಲ ಆಮ್ಲಗಳ ಹುಳಿಗೂ ಈ ಅನಿಲವೇ ಕಾರಣವೆಂದು ನಂಬಿದ್ದನು. ಗ್ರೀಕಿನಲ್ಲಿ ‘ಒಕ್ಸುಸ್’ ಎಂದರೆ ಚೂಪಾದದ್ದು, ಹುಳಿಯಾದದ್ದು. ‘ಹುಳಿಯನ್ನು ಹುಟ್ಟಿಸುವುದು’ ಎಂಬ ಅರ್ಥ ಬರುವಂತೆ ಅವನು ಆಕ್ಸಿಜನ್ ಎಂಬ ಹೆಸರು ಕಟ್ಟಿದನು. ಉಪ್ಪಿನಿಂದ ತೆಗೆಯುವ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ ಎಂಬುದನ್ನು 1810ರ ಹೊತ್ತಿಗೆ ಇಂಗ್ಲೆಂಡಿನ ಹಂಫ್ರಿ ಡೇವಿ ತೋರಿಸಿಕೊಟ್ಟನು. ಅಷ್ಟರಲ್ಲಿ ಹೆಸರು ಬೇರೂರಿತ್ತು. ಆಮೇಲೆ ಕನ್ನಡದವರು ಅದನ್ನು ಆಮ್ಲಜನಕ ಎಂದು ಅನುವಾದಿಸಿಕೊಂಡರು, ಹೀಬ್ರೂವಿನವರು ಹಮ್ತ್ಸಾನ್ ಎಂದುಕೊಂಡರು. ಅರಬರು ಅನುವಾದಕ್ಕೆ ಹೋಗದೆ ‘ಉಕ್ಸಿಜೀನ್’ ಎಂದೇ ಉಳಿಸಿಕೊಂಡರು. ಜಲಜನಕಕ್ಕೂ ಹೀಬ್ರೂವಿನಲ್ಲಿ ನೀರಿನಿಂದಲೇ ಕಟ್ಟಿದ ‘ಮೇಮಾನ್’ ಎಂಬ ಹೆಸರಿದೆ. ಒಬ್ಬರನ್ನೊಬ್ಬರು ನೋಡದೆ, ಒಂದೇ ಮಾದರಿಯನ್ನು ಮುಂದಿಟ್ಟುಕೊಂಡು ಎರಡು ಭಾಷೆಯವರು ಮಾಡಿದ ಕೆಲಸವಿದು. ಇಲ್ಲಿರುವುದು ನೆಂಟಸ್ತನವಲ್ಲ, ಅನುವಾದದ ಹೋಲಿಕೆ; ಎರಡನ್ನೂ ಬೆರೆಸಬಾರದು.

ಪ್ರಶ್ನೆ: ಅರಬ್ಬಿ ಮತ್ತು ಹೀಬ್ರೂ ಮಾತುಗಳ ಈ ಸಂಬಂಧವನ್ನು ಐರೋಪ್ಯ ವಿದ್ವಾಂಸರು ಕಂಡುಹಿಡಿದರೇ, ಅಥವಾ ಮೊದಲೇ ತಿಳಿದವರಿದ್ದರೇ? (ಓದುಗರು, ಸುರತ್ಕಲ್)

ಉತ್ತರ: ಬಹಳ ಮೊದಲೇ ತಿಳಿದಿತ್ತು. ಇಂದಿನ ಆಲ್ಜೀರಿಯಾದ ತಾಹೆರ್ತ್ ಊರಿನ ಯೆಹೂದ ಇಬ್ನ್ ಖುರೈಶ್ ಎಂಬ ವಿದ್ವಾಂಸನು ಸುಮಾರು 1,100 ವರ್ಷಗಳ ಹಿಂದೆಯೇ ಹೀಬ್ರೂ, ಅರಾಮಿಕ್, ಅರಬ್ಬಿ ಮೂರನ್ನೂ ಹೋಲಿಸಿ ಒಂದು ಗ್ರಂಥವನ್ನು ಬರೆದನು. ಮೊರಾಕೋದ ಫೆಸ್ ಪಟ್ಟಣದ ಯೆಹೂದ್ಯರು ಬೈಬಲಿನ ಅರಾಮಿಕ್ ಅನುವಾದವನ್ನು ಓದುವುದನ್ನು ಕೈಬಿಟ್ಟದ್ದನ್ನು ಕೇಳಿ, ಅದಿಲ್ಲದೆ ಹೀಬ್ರೂವೂ ಸರಿಯಾಗಿ ತಿಳಿಯದು ಎಂದು ಅವರಿಗೆ ಮನವರಿಕೆ ಮಾಡಲು ಬರೆದ ಪತ್ರರೂಪದ ಗ್ರಂಥ ಅದು.

ಅರಬ್ಬಿ, ಹೀಬ್ರೂ ಎರಡನ್ನೂ ಬಲ್ಲವನೊಬ್ಬ ನಮ್ಮ ಊರಿನಲ್ಲಿಯೂ ಇದ್ದನು. ಟ್ಯುನೀಸಿಯಾದ ಮಹ್ದಿಯ್ಯ ಪಟ್ಟಣದಲ್ಲಿ ಹುಟ್ಟಿದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕ 12ನೇ ಶತಮಾನದಲ್ಲಿ, ಸುಮಾರು 1132ರಿಂದ 1149ರವರೆಗೆ, ಹೆಚ್ಚಿನ ಕಾಲವನ್ನು ಮಂಗಳೂರಿನಲ್ಲಿ ಕಳೆದನು. ಇಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದನು, ಅಶು ಎಂಬ ಇಲ್ಲಿನ ಹೆಂಗಸನ್ನು ದಾಸ್ಯದಿಂದ ಬಿಡಿಸಿದನು. ಅವನಿಗೆ ಏಡನ್ನಿನಿಂದ ಬಂದ ಪತ್ರಗಳೂ ಅವನ ಲೆಕ್ಕಪತ್ರಗಳೂ ಹಳೆಯ ಕೈರೋದ ಬೆನ್ ಎಜ್ರ ಸಿನಗಾಗಿನ, ಅಂದರೆ ಯೆಹೂದ್ಯರ ಪ್ರಾರ್ಥನಾಮಂದಿರದ, ಕೋಣೆಯಲ್ಲಿ ಶತಮಾನಗಳ ಕಾಲ ಉಳಿದಿದ್ದವು. ಅವುಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ.

ಅರಬ್ಬಿಯ ದಾದ್ ಎಂಬುದಕ್ಕೆ ಹೀಬ್ರೂ ಲಿಪಿಯಲ್ಲಿ ಅಕ್ಷರವಿಲ್ಲ. ಅರಬ್ಬಿ ಲಿಪಿಯಲ್ಲಿ ಸಾದ್ ಅಕ್ಷರದ ಮೇಲೆ ಒಂದು ಚುಕ್ಕೆ ಇಟ್ಟರೆ ದಾದ್ ಆಗುತ್ತದೆ. ಅದನ್ನೇ ಅನುಸರಿಸಿ ಅಂದಿನ ಯೆಹೂದ್ಯರು ಹೀಬ್ರೂವಿನ ಸಕಾರದ ಮೇಲೆ ಚುಕ್ಕೆಯಿಟ್ಟು ದಾದ್ ಬರೆಯುತ್ತಿದ್ದರು. ಆ ಪದ್ಧತಿಯಲ್ಲಿ ಅರಬ್ಬಿಯ ಹುಳಿಯನ್ನು ಬರೆದರೆ, ಬೈಬಲಿನ ಹಾಮೇಸ್ ಎಂಬ ಮಾತಿನ ಮೂರು ವ್ಯಂಜನಗಳೇ ಕಾಗದದ ಮೇಲೆ ಮೂಡುತ್ತವೆ, ಕೊನೆಯ ಅಕ್ಷರದ ಮೇಲೆ ಒಂದು ಚುಕ್ಕೆ ಹೆಚ್ಚಾಗಿ. ಮಂಗಳೂರಿನಲ್ಲಿ ಕೂತು ಹೀಗೆ ಬರೆಯಬಲ್ಲವನ ಕಣ್ಣಿಗೆ ಎರಡು ಭಾಷೆಗಳ ಹುಳಿಯ ನಡುವೆ ಇದ್ದ ಅಂತರ ಆ ಚುಕ್ಕೆಯಷ್ಟೇ.